ಚೀನೀ ಇಂಕ್ ಪೆನ್ನು ಮತ್ತು ನಮ್ಮ ಒತ್ತಕ್ಷರ

ಶಾಲೆ ಶುರುವಾಗುವ ಹೊತ್ತಿಗೆ ಯಲಹಂಕ ಉಪನಗರದಲ್ಲೋ ಆರ್.ಟಿ. ನಗರದ ಮುಖ್ಯರಸ್ತೆಯಲ್ಲೋ ಯಾವುದಾದರೂ ಸ್ಟೇಷನರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂಥದೊಂದು ಮಾತುಕತೆ ಕಿವಿಗೆ ಬೀಳುತ್ತದೆ. "ಅಣ್ಣಾ, ಮಗೂಗೆ ಇಂಕ್ ಪೆನ್ನೇ ಬೇಕಂತೆ, ಮಿಸ್ ಹೇಳಿದಾರೆ." "ಕ್ಯಾಮ್ಲಿನ್ ಇದೆ, ಪಾರ್ಕರ್ ಇದೆ ಮೇಡಂ. ಚೈನಾದ್ದೂ ಇದೆ, ತೋರಿಸ್ಲಾ?" ಚೈನಾದ್ದು ಎಂದ ಕೂಡಲೇ ಆ ತಾಯಿಯ ಮುಖದಲ್ಲಿ ಅನುಮಾನ ಹಾದುಹೋಗುತ್ತದೆ. ಅಷ್ಟರಲ್ಲಿ ಪೆನ್ನು ಕೈಗೆ ಬಂದಿರುತ್ತದೆ. ತೂಕದ ಮೈ, ಹೊಳೆಯುವ ಕ್ಲಿಪ್ಪು, ಬೆಲೆ ಇನ್ನೂರು ಚಿಲ್ಲರೆ. ಅಂಗಡಿಯವರು ಕೊಟ್ಟ ಚೀಟಿಯ ಮೇಲೆ ಒಂದು ಗೆರೆ ಎಳೆದರೆ ನಿಬ್ಬು ಎಲ್ಲೂ ತಡವರಿಸದೆ ಜಾರುತ್ತದೆ. ಅನುಮಾನ ಅರ್ಧ ಕರಗುತ್ತದೆ, ಇನ್ನರ್ಧ ಉಳಿಯುತ್ತದೆ. ಕರಗಿದ ಅರ್ಧಕ್ಕೂ ಕಾರಣವಿದೆ, ಉಳಿದ ಅರ್ಧಕ್ಕೂ ಕಾರಣವಿದೆ. ಇಂಥ ಪೆನ್ನುಗಳಲ್ಲಿ ದಿನವೂ ಬರೆಯುವವನಾಗಿ, ನಮ್ಮ ದೇಶದಲ್ಲಿ ಪೆನ್ನು ಮಾಡುವವರ ಬಗ್ಗೆ ಅಭಿಮಾನ ಇರುವವನಾಗಿ, ಎರಡನ್ನೂ ತೂಗಿ ನೋಡಬೇಕು ಅನ್ನಿಸಿದೆ.

ಚೀನೀ ಪೆನ್ನು ಉತ್ತರ ಬೆಂಗಳೂರಿನ ಈ ಭಾಗಕ್ಕೆ ಹೊಸತೇನಲ್ಲ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್ ಬಂತು. ಆ ಕಾರ್ಖಾನೆಗಳ ಸಂಬಳದಲ್ಲಿ ಮನೆ ಕಟ್ಟಿ ಮಕ್ಕಳನ್ನು ಓದಿಸಿದ ತಲೆಮಾರಿನವರನ್ನು ಕೇಳಿ ನೋಡಿ, 'ಹೀರೋ ಪೆನ್ನು' ಎಂಬ ಹೆಸರು ತಾನಾಗಿಯೇ ಬರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊಸ ಹೀರೋ ಪೆನ್ನು ಸಿಕ್ಕರೆ ಅದೇ ದೊಡ್ಡ ಉಡುಗೊರೆ. ಜೇಬಿನಲ್ಲಿ ಅದರ ಬಂಗಾರದ ಬಣ್ಣದ ಮುಚ್ಚಳ ಕಂಡರೆ ಒಂದು ಗತ್ತು. ಶಾಂಘೈಯಲ್ಲಿ 1931ರಲ್ಲಿ ಹ್ವಾಫು ಎಂಬ ಹೆಸರಿನಲ್ಲಿ ಹುಟ್ಟಿದ ಕಾರ್ಖಾನೆಯೇ ಮುಂದೆ ಹೀರೋ ಆಯಿತು. ಅಮೆರಿಕದ ಪಾರ್ಕರ್ ಕಂಪನಿ 1941ರಲ್ಲಿ ತಂದ 'ಪಾರ್ಕರ್ 51' ಆ ಕಾಲದ ದೊಡ್ಡ ಹೆಸರು. ಅದರ ನಿಬ್ಬು ಮುಕ್ಕಾಲು ಪಾಲು ಮರೆಯಲ್ಲಿದ್ದು ತುದಿ ಮಾತ್ರ ಇಣುಕುತ್ತದೆ, ಹಾಗಾಗಿ ಇಂಕು ಬೇಗ ಒಣಗುವುದಿಲ್ಲ. 1958ರಲ್ಲಿ ಶಾಂಘೈಯ ಕೆಲಸಗಾರರು ಪಾರ್ಕರನ್ನು ಹಿಡಿದೇ ತೀರುತ್ತೇವೆ ಎಂದು ಪಣ ತೊಟ್ಟರು, ಆ ಪಣದ ಮೇಲೆ ಅಲ್ಲಿ ಸಿನಿಮಾನೇ ಬಂತು. 'ಹೀರೋ 100' ಆ ಹಟದ ಫಲ. ನಮ್ಮ ಮನೆಗಳಿಗೆ ಬಂದದ್ದು ಹೆಚ್ಚಾಗಿ ಅದರ ಬಡ ತಮ್ಮ 'ಹೀರೋ 616', ಅದೇ ಮರೆಮಾಚಿದ ನಿಬ್ಬು, ಅದೇ ಒತ್ತಿ ಇಂಕು ಎಳೆಯುವ ರಬ್ಬರು ಚೀಲ.

ಬಂದ ದಾರಿ ನೇರವಾಗಿರಲಿಲ್ಲ. 1962ರ ಯುದ್ಧದ ನಂತರ ಎರಡು ದೇಶಗಳ ವ್ಯಾಪಾರವೇ ನಿಂತುಹೋಗಿತ್ತು. ಅದು ಅಧಿಕೃತವಾಗಿ ಮತ್ತೆ ಶುರುವಾದದ್ದು 1978ರಲ್ಲಿ, ಒಪ್ಪಂದ ಗಟ್ಟಿಯಾದದ್ದು 1984ರಲ್ಲಿ. ಅದಕ್ಕೂ ಮುಂಚೆ ಈ ಊರಿನ ಜೇಬುಗಳಲ್ಲಿ ಕಂಡ ಹೀರೋ ಪೆನ್ನುಗಳು ಗಡಿ ದಾಟಿಯೋ, ಹಡಗಿನವರ ಪೆಟ್ಟಿಗೆಯಲ್ಲೋ, ಮದ್ರಾಸಿನ ಬರ್ಮಾ ಬಜಾರಿನಂಥ ಕಡೆಗಳಿಂದಲೋ ಬಂದಂಥವು. ಹೀಗೆ ಬರುವ ಸರಕಿನಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವವರು ಯಾರು? ಪಾರ್ಕರನ್ನು ನೋಡಿ ಮಾಡಿದ ಹೀರೋಗೂ ನಕಲು ಹುಟ್ಟಿತು. ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಚೀನೀ ಪೆನ್ನುಗಳಲ್ಲಿ 616 ಒಂದು. ಹೀರೋ ಪೆನ್ನನ್ನು ಹೊಗಳುವವರೂ ತೆಗಳುವವರೂ ಒಂದೇ ಪೆನ್ನಿನ ಬಗ್ಗೆ ಮಾತಾಡುತ್ತಿಲ್ಲದಿರಬಹುದು.

ಈಗಿನ ಕಾಲಕ್ಕೆ ಬರೋಣ. ಇವತ್ತು ಚೀನೀ ಪೆನ್ನು ಎಂದರೆ ಹೆಚ್ಚಿನವರಿಗೆ ಜಿನ್‌ಹಾವ್. ಅದರ ಜೊತೆ ವಿಂಗ್ ಸಂಗ್, ಮೊದಲು ಮೂನ್‌ಮ್ಯಾನ್ ಎಂದಿದ್ದು ಈಗ ಮಜಾನ್ ಆಗಿರುವುದು, ಡೆಲೈಕ್, ಹೀಗೆ ಇನ್ನಷ್ಟು ಹೆಸರುಗಳು. ಬೆಲೆ ಸುಮಾರಾಗಿ 200ರಿಂದ 500 ರೂಪಾಯಿ, ಕೆಲವು ಅದಕ್ಕಿಂತ ತುಸು ಮೇಲೆ. ಇದೇ ಹೊತ್ತಿನಲ್ಲಿ ಜರ್ಮನಿಯ ಲ್ಯಾಮಿ ಸಫಾರಿಗೆ ಎರಡು ಮೂರು ಸಾವಿರ ಕೊಡಬೇಕು, ಮೋಂಬ್ಲಾಂಕ್ 149 ಬೇಕೆಂದರೆ ಮುಕ್ಕಾಲು ಲಕ್ಷಕ್ಕೂ ಮೇಲೆ. ಈ ಅಂತರ ಬಡವನ ಹಂಬಲದ ವಿಷಯ ಮಾತ್ರವಲ್ಲ. ಇಂಕ್ ಪೆನ್ನು ತನಗೆ ಒಗ್ಗುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ ಕಾಲೇಜು ಹುಡುಗಿ ಮೂರು ಸಾವಿರ ಹಾಕಿ ಪರೀಕ್ಷಿಸಲಾರಳು, ಇನ್ನೂರು ಹಾಕಿ ನೋಡಬಲ್ಲಳು. ಹೆಬ್ಬಾಳದ ಕಡೆ ಬಾಡಿಗೆ ಕೋಣೆಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ದಿನಕ್ಕೆ ಐದಾರು ಗಂಟೆ ಬರೆಯುತ್ತಾರೆ, ಬಾಲ್ ಪೆನ್ನಿನ ಒತ್ತಡಕ್ಕೆ ಹೆಬ್ಬೆರಳು ನೋಯುತ್ತದೆ. ಅವರಿಗೆ ಒತ್ತದೆ ಬರೆಯುವ ಪೆನ್ನು ಇಷ್ಟು ಅಗ್ಗಕ್ಕೆ ಸಿಗುವುದು ದೊಡ್ಡ ಉಪಕಾರ. ಇದನ್ನು ಚಿಕ್ಕದೆಂದು ತಳ್ಳಿಹಾಕುವವರ ವಾದವನ್ನು ನಾನು ಒಪ್ಪುವುದಿಲ್ಲ.

ಒತ್ತದೆ ಬರೆಯುವುದು ಹೇಗೆ ಸಾಧ್ಯ ಎಂಬುದರಲ್ಲೇ ಇಂಕ್ ಪೆನ್ನಿನ ಜೀವ ಇದೆ. ನಿಬ್ಬಿನ ನಡುವಿನ ಸೀಳು ಕೂದಲಿಗಿಂತ ಸಣ್ಣದು. ಅದರ ಕೆಳಗೆ ಇರುವ ನಾಲಗೆಯಲ್ಲಿ ಇಂಕು ಮುಂದಕ್ಕೆ ಹರಿಯಲು ಒಂದು ಕಾಲುವೆ, ಗಾಳಿ ಹಿಂದಕ್ಕೆ ಹೋಗಲು ಒಂದು ದಾರಿ, ಹೆಚ್ಚಾದ ಇಂಕನ್ನು ಹಿಡಿದಿಡಲು ಬಾಚಣಿಗೆ ಹಲ್ಲಿನಂಥ ಸಾಲು. ಎಷ್ಟು ಇಂಕು ಹೊರಹೋಗುತ್ತದೋ ಅಷ್ಟೇ ಗಾಳಿ ಒಳಬರಬೇಕು. ಸೀಳು ಹಿಡಿದುಕೊಂಡರೆ ಪೆನ್ನು ಒಣಗುತ್ತದೆ, ಸಡಿಲಾದರೆ ಸುರಿಯುತ್ತದೆ. ತುದಿಯಲ್ಲಿ ಬೆಸೆದ ಗಡಸು ಲೋಹದ ಬಿಂದುವನ್ನು ಎಷ್ಟು ಚೆನ್ನಾಗಿ ಉಜ್ಜಿ ದುಂಡಗೆ ಮಾಡಿದ್ದಾರೆ ಎಂಬುದರ ಮೇಲೆ ಬರಹದ ನುಣುಪು ನಿಂತಿದೆ. ಹಿಂದೆ ಈ ಕೆಲಸಕ್ಕೆ ನುರಿತ ಕೈ ಬೇಕಿತ್ತು, ನುರಿತ ಕೈಗೆ ಬೆಲೆ ಇತ್ತು. ಚೀನೀ ಕಾರ್ಖಾನೆಗಳು ಸಾಧಿಸಿದ್ದು ಇದನ್ನೇ: ಉಕ್ಕಿನ ನಿಬ್ಬನ್ನು ಲಕ್ಷಗಟ್ಟಲೆ ಮಾಡಿ, ಅದರಲ್ಲಿ ಬಹುಪಾಲು ಚೆನ್ನಾಗಿಯೇ ಬರೆಯುವಂತೆ ನೋಡಿಕೊಳ್ಳುವುದು. ಆದರೆ 'ಬಹುಪಾಲು' ಎಂಬ ಮಾತನ್ನು ನೆನಪಿಡಿ, ಅದಕ್ಕೆ ಮತ್ತೆ ಬರುತ್ತೇನೆ.

ಇಲ್ಲಿ ಕನ್ನಡ ಬರೆಯುವವರಿಗೆ ಮಾತ್ರ ಅರ್ಥವಾಗುವ ವಿಷಯವೊಂದಿದೆ. ನಮ್ಮದು ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಬೆಳೆದ ಲಿಪಿ, ದುಂಡಗೆ ತಿರುಗುತ್ತಲೇ ಹೋಗುತ್ತದೆ. ಒಂದೊಂದು ಅಕ್ಷರಕ್ಕೂ ನಿಬ್ಬು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಎಲ್ಲ ದಿಕ್ಕಿಗೂ ಹೊರಳಬೇಕು. ಎಳೆಯುವಾಗ ಸುಮ್ಮನಿದ್ದು ತಳ್ಳುವಾಗ ಕೆರೆಯುವ ನಿಬ್ಬು ಇಂಗ್ಲಿಷ್ ಬರಹಕ್ಕೆ ಹೇಗೋ ಸಾಗೀತು, ನಮಗೆ ಸಾಗದು. ಅದರ ಮೇಲೆ ಒತ್ತಕ್ಷರ. ಎಂಟು ಮಿಲಿಮೀಟರಿನ ಗೆರೆಯೊಳಗೆ 'ರಾಷ್ಟ್ರ', 'ಸ್ವಾತಂತ್ರ್ಯ' ಬರೆದು ನೋಡಿ. ಅಕ್ಷರದ ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ದಪ್ಪ ನಿಬ್ಬಿನಲ್ಲಿ ಬರೆದರೆ ಅವೆಲ್ಲ ಸೇರಿ ಒಂದು ನೀಲಿ ಮುದ್ದೆ. 'ಥ'ದ ಒಳಗಿನ ಚುಕ್ಕೆ ಇಂಕಿನಲ್ಲಿ ಮುಳುಗಿದರೆ ಅದು 'ಧ' ಆಗುತ್ತದೆ. 'ಠ'ದ ಚುಕ್ಕೆ ಮುಚ್ಚಿದರೆ 'ರ'ವೋ 'ಠ'ವೋ ಓದುವವರೇ ಊಹಿಸಬೇಕು. ಯುರೋಪಿನ ಕಂಪನಿಗಳು ಫೈನ್ ಎನ್ನುವ ನಿಬ್ಬು ಅವರ ಬಿಡಿ ಬಿಡಿ ಅಕ್ಷರಗಳಿಗೆ ಸರಿ, ನಮ್ಮ ಒತ್ತಿಗೆ ಸ್ವಲ್ಪ ದಪ್ಪವೇ.

ಚೀನೀ ಲಿಪಿಗೂ ಇದೇ ಕಷ್ಟ ಇದೆ. ಒಂದು ಸಣ್ಣ ಚೌಕದೊಳಗೆ ಹತ್ತು ಹದಿನೈದು ಗೆರೆ ಹಿಡಿಸಬೇಕು. ಹಾಗಾಗಿ ಅಲ್ಲಿಯ ಕಾರ್ಖಾನೆಗಳು 0.5 ಮಿಲಿಮೀಟರ್, 0.38 ಮಿಲಿಮೀಟರ್ ಎಂದು ನಮೂದಿಸಿದ ಸಣ್ಣ ನಿಬ್ಬುಗಳನ್ನು ಹೇರಳವಾಗಿ ಮಾಡುತ್ತವೆ. ಅವರು ತಮ್ಮ ಶಾಲಾಮಕ್ಕಳಿಗಾಗಿ ಮಾಡಿಕೊಂಡ ನಿಬ್ಬು ನಮ್ಮ ಒತ್ತಕ್ಷರಕ್ಕೆ ಹೇಳಿ ಮಾಡಿಸಿದಂತೆ ಕೂತುಬಿಟ್ಟಿದೆ. ಸಣ್ಣ ನಿಬ್ಬಿಗೆ ಇನ್ನೊಂದು ಅನುಕೂಲವೂ ಇದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ನೋಟ್‌ಬುಕ್ಕಿನ ತೆಳು ಕಾಗದದಲ್ಲಿ ದಪ್ಪ ನಿಬ್ಬಿನ ಇಂಕು ಹರಡಿಕೊಳ್ಳುತ್ತದೆ, ಹಿಂಬದಿಗೆ ಇಳಿಯುತ್ತದೆ, 0.38ರ ನಿಬ್ಬು ಆ ಕಾಗದದಲ್ಲೂ ಹಾಳೆಯ ಎರಡೂ ಬದಿ ಬರೆಯಲು ಬಿಡುತ್ತದೆ. ಎಲ್ಲ ಚೀನೀ ಪೆನ್ನೂ ಹೀಗಲ್ಲ ಎಂಬುದನ್ನೂ ಹೇಳಬೇಕು. ಜಿನ್‌ಹಾವ್ ಎಕ್ಸ್450, ಎಕ್ಸ್750 ಮುಂತಾದ ಲೋಹದ ಪೆನ್ನುಗಳಲ್ಲಿ ಬರುವುದು ಸಾಮಾನ್ಯವಾಗಿ ಮಧ್ಯಮ ದಪ್ಪದ ನಿಬ್ಬು. ಸಹಿ ಹಾಕಲು ಚೆಂದ, ಕನ್ನಡದಲ್ಲಿ ಪುಟಗಟ್ಟಲೆ ಬರೆಯಲು ಅಲ್ಲ. ಜಿನ್‌ಹಾವ್ 159ರ ತೂಕ ಸುಮಾರು 50 ಗ್ರಾಂ. ಕೈಗೆ ಗಾಂಭೀರ್ಯ ಕೊಡುತ್ತದೆ, ಮೂರನೇ ಪುಟದ ಹೊತ್ತಿಗೆ ಮಣಿಕಟ್ಟು ಮಾತಾಡತೊಡಗುತ್ತದೆ. ಮಕ್ಕಳಿಗೆ ಅದು ಬೇಡವೇ ಬೇಡ.

ಇನ್ನು ತಕ್ಕಡಿಯ ಆ ಕಡೆ. ಮೊದಲ ಆಕ್ಷೇಪ, ಎಲ್ಲಕ್ಕಿಂತ ಭಾರವಾದದ್ದು: ಇವು ನಕಲುಗಳು. ಜಿನ್‌ಹಾವ್ 159 ನೋಡಿದರೆ ಮೋಂಬ್ಲಾಂಕ್ 149 ನೆನಪಾಗುತ್ತದೆ. ಜಿನ್‌ಹಾವ್ 599 ಲ್ಯಾಮಿ ಸಫಾರಿಯ ಪಡಿಯಚ್ಚು. ಮಜಾನ್ ಎ1 ಜಪಾನಿನ ಪೈಲಟ್ ಕಂಪನಿಯ ಕ್ಯಾಪ್‌ಲೆಸ್ ಪೆನ್ನಿನ ಹಾಗೆಯೇ ಗುಂಡಿ ಒತ್ತಿದರೆ ನಿಬ್ಬು ಹೊರಬರುವಂಥದು. ವಿಂಗ್ ಸಂಗ್ 601 ಮತ್ತೆ ಅದೇ ಪಾರ್ಕರ್ 51ರ ಮೈಕಟ್ಟು. ಒಬ್ಬರು ವರ್ಷಗಟ್ಟಲೆ ಯೋಚಿಸಿ ಮಾಡಿದ ವಿನ್ಯಾಸವನ್ನು ಇನ್ನೊಬ್ಬರು ಅಳತೆ ತೆಗೆದು ಅಚ್ಚು ಹೊಡೆದು ಮಾರುವುದು ಸರಿಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಉತ್ತರ ಬೆಂಗಳೂರಿನಲ್ಲಿ ಇರುವವರು ದೂರ ಹೋಗಬೇಕಿಲ್ಲ. ಎಚ್‌ಎಂಟಿ ಯಂತ್ರೋಪಕರಣ ಕಲಿತದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ, 1961ರಲ್ಲಿ ವಾಚು ಕಲಿತದ್ದು ಜಪಾನಿನ ಸಿಟಿಜನ್ ಕಂಪನಿಯಿಂದ. ಎರಡೂ ಸಲ ಒಪ್ಪಂದ ಮಾಡಿಕೊಂಡು, ಹೆಸರು ಹೇಳಿ, ಬೆಲೆ ಕೊಟ್ಟು ಕಲಿತರು. ಆಮೇಲೆ ಜಾಲಹಳ್ಳಿಯಲ್ಲಿ ತಯಾರಾದ ವಾಚು ನಮ್ಮದೇ ಆಯಿತು, ಎಷ್ಟೋ ಮದುವೆಗಳಲ್ಲಿ ಅಳಿಯನ ಕೈಗೆ ಕಟ್ಟಿದ್ದು ಅದೇ. 2016ರಲ್ಲಿ ಆ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದಾಗ ಈ ಕಡೆಯ ಮನೆಗಳಲ್ಲಿ ಎಷ್ಟೋ ಜನಕ್ಕೆ ಸಂಕಟವಾಯಿತು. ಕಲಿಯುವುದಕ್ಕೆ ಮರ್ಯಾದೆಯ ದಾರಿ ಇತ್ತು, ನಾವು ಆ ದಾರಿಯಲ್ಲಿ ನಡೆದೆವು ಎಂಬ ಹೆಮ್ಮೆ ನ್ಯಾಯವಾದದ್ದೇ. ಆ ಅಳತೆಯಲ್ಲಿ ಅನೇಕ ಚೀನೀ ಪೆನ್ನುಗಳು ಸೋಲುತ್ತವೆ.

ಆದರೆ ನಕಲಿನಲ್ಲೂ ತರತಮ ಇದೆ, ಅದನ್ನು ಬಿಡಿಸಿ ನೋಡದಿದ್ದರೆ ಅನ್ಯಾಯ. ಪೇಟೆಂಟ್ ಎಂಬುದು ಶಾಶ್ವತ ಹಕ್ಕಲ್ಲ. ನಮ್ಮ ಕಾನೂನಿನಲ್ಲೂ ಅದಕ್ಕೆ 20 ವರ್ಷ, ವಸ್ತುವಿನ ರೂಪವಿನ್ಯಾಸದ ನೋಂದಣಿಗೆ ಹೆಚ್ಚೆಂದರೆ 15 ವರ್ಷ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು, ಹಾಗಾಗಲಿ ಎಂದೇ ಕಾನೂನು ಮಾಡಿದ್ದಾರೆ. ಪಾರ್ಕರ್ 51 ಬಂದು 80 ವರ್ಷ ದಾಟಿದೆ, ಸಫಾರಿ 1980ರದು, ಕ್ಯಾಪ್‌ಲೆಸ್ ಮೊದಲು ಬಂದದ್ದು 1963ರಲ್ಲಿ. ಇಷ್ಟು ಹಳೆಯ ಒಂದು ಯಂತ್ರವಿದ್ಯೆಯನ್ನು ಅಗ್ಗಕ್ಕೆ ಕೊಡುವುದು ಕಳ್ಳತನ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಪಾರ್ಕರ್ ಕಂಪನಿಯೇ ದಶಕಗಳ ಕಾಲ ಕೈಬಿಟ್ಟಿದ್ದ ಆ ಹಳೆಯ ಮೈಕಟ್ಟನ್ನು ಬಳಕೆಯಲ್ಲಿ ಉಳಿಸಿದವರಲ್ಲಿ ಚೀನೀಯರೂ ಇದ್ದಾರೆ. ನನಗೆ ಸಹಿಸದ್ದು ಬೇರೆ: ಕೊಳ್ಳುವವರ ಕಣ್ಣಿಗೆ ಮಣ್ಣೆರಚುವ ಕೆಲಸ. ಬೇರೆಯವರ ಲಾಂಛನವನ್ನು ಹೋಲುವ ಗುರುತು ಹಾಕುವುದು. ಬರೀ ಚಿನ್ನದ ಲೇಪವಿರುವ ನಿಬ್ಬಿನ ಮೇಲೆ '18 ಕೆಜಿಪಿ' ಎಂದು ಕೆತ್ತಿ, ಅಂಗಡಿಯಲ್ಲಿ ಅದನ್ನು ಹದಿನೆಂಟು ಕ್ಯಾರಟ್ಟಿನ ಚಿನ್ನ ಎಂದು ನಂಬಿಸುವುದು. ಇರಿಡಿಯಂ ಎಂಬ ಗಡಸು ಲೋಹವಿಲ್ಲದ ತುದಿಗೆ ಇರಿಡಿಯಂ ಎಂದು ಬರೆಯುವುದು. ಇದರಲ್ಲಿ ಕೊನೆಯದನ್ನು ಯುರೋಪಿನವರೂ ಭಾರತದವರೂ ಮಾಡಿಕೊಂಡು ಬಂದಿದ್ದಾರೆ, ಆದರೆ ಎಲ್ಲರೂ ಮಾಡಿದರೆಂದು ತಪ್ಪು ಸರಿಯಾಗುವುದಿಲ್ಲ.

ಎರಡನೆಯ ಆಕ್ಷೇಪ ಸ್ವದೇಶಿಯದು. ಪೆನ್ನು ನಮ್ಮ ದೇಶದಲ್ಲಿ ಬರೀ ಪೆನ್ನಾಗಿರಲಿಲ್ಲ. ಆಂಧ್ರದ ರಾಜಮಂಡ್ರಿಯಲ್ಲಿ ಕೆ.ವಿ. ರತ್ನಂ 1932ರಲ್ಲಿ ಪೆನ್ನು ಮಾಡಲು ಶುರುಮಾಡಿದ್ದು ಗಾಂಧೀಜಿಯ ಸ್ವದೇಶಿ ಕರೆಯಿಂದಾಗಿ, ಅವರು ಮಾಡಿದ ಪೆನ್ನಿಗೆ ಗಾಂಧೀಜಿಯಿಂದ ಮೆಚ್ಚುಗೆಯ ಪತ್ರ ಬಂದದ್ದು 1935ರಲ್ಲಿ. ಬಂಗಾಳದಲ್ಲಿ 1934ರಲ್ಲಿ ಹುಟ್ಟಿದ ಸುಲೇಖಾ ಇಂಕಿನ ಕಥೆಯೂ ಅದೇ ಚಳವಳಿಯ ಕಥೆ. 1931ರಲ್ಲಿ ದಾಂಡೇಕರ್ ಕುಟುಂಬ ಇಂಕಿನ ಪುಡಿಯಿಂದ ಆರಂಭಿಸಿದ್ದೇ ಮುಂದೆ ಕ್ಯಾಮ್ಲಿನ್ ಆಯಿತು. ನಮ್ಮ ಶಾಲೆಗಳ ಡೆಸ್ಕುಗಳಿಗೆ ಕಲೆ ಹಚ್ಚಿದ ಚೆಲ್‌ಪಾರ್ಕ್, ಬ್ರಿಲ್, ಕ್ಯಾಮೆಲ್ ಇಂಕಿನ ಬಾಟಲಿಗಳು ಇದೇ ಮಣ್ಣಿನವು. ಇಷ್ಟೆಲ್ಲ ಇರುವಾಗ ಗಡಿಯಲ್ಲಿ ನಮ್ಮ ಸೈನಿಕರ ಮೇಲೆ ಕೈ ಮಾಡಿದ ದೇಶದ ಪೆನ್ನು ಏಕೆ? 2020ರ ಜೂನಿನಲ್ಲಿ ಗಾಲ್ವಾನ್ ಕಣಿವೆಯಲ್ಲಿ 20 ಯೋಧರು ತೀರಿಕೊಂಡ ಮೇಲೆ ಈ ಪ್ರಶ್ನೆ ಇನ್ನೂ ಮೊನಚಾಯಿತು. ಯಲಹಂಕದಲ್ಲಿ ವಾಯುನೆಲೆ ಇದೆ, ಸುತ್ತಮುತ್ತ ಸೇನೆಯಲ್ಲಿ ದುಡಿದವರ ಮನೆಗಳಿವೆ. ಅಂಥ ಮನೆಯ ಹಿರಿಯರು "ನಮ್ಮ ಮನೆಗೆ ಅದು ಬೇಡಪ್ಪ" ಎಂದರೆ ಅವರೊಡನೆ ವಾದಕ್ಕಿಳಿಯುವುದು ನನ್ನಿಂದಾಗದು. ಅದು ಲೆಕ್ಕಾಚಾರದ ಮಾತಲ್ಲ, ನೋವಿನ ಮಾತು.

ಸರ್ಕಾರದ ಕ್ರಮಗಳೂ ಆ ದಿಕ್ಕಿನಲ್ಲೇ ಸಾಗಿದವು. ಹೊರದೇಶದಿಂದ ಉಡುಗೊರೆ ಎಂಬ ಹೆಸರಿನಲ್ಲಿ ಸುಂಕವಿಲ್ಲದೆ ಬರುತ್ತಿದ್ದ ಸಣ್ಣ ಪೊಟ್ಟಣಗಳಿಗೆ 2019ರ ಡಿಸೆಂಬರಿನಲ್ಲಿ ತಡೆ ಬಿತ್ತು. 2020ರ ನವೆಂಬರಿನಲ್ಲಿ ನಿಷೇಧವಾದ 43 ಆ್ಯಪ್‌ಗಳಲ್ಲಿ ಅಲಿಎಕ್ಸ್‌ಪ್ರೆಸ್ ಒಂದು. ಪೆನ್ನಿನ ಹುಚ್ಚಿರುವವರು ನೇರವಾಗಿ ಚೀನಾದಿಂದ ತರಿಸಿಕೊಳ್ಳುತ್ತಿದ್ದದ್ದು ಅಲ್ಲಿಂದಲೇ. ಪೆನ್ನು ಬರುವುದು ನಿಲ್ಲಲಿಲ್ಲ. ಆಮದು ಮಾಡಿಕೊಳ್ಳುವ ವ್ಯಾಪಾರಿಗಳ ಕೈದಾಟಿ ಬರತೊಡಗಿತು, ಬೆಲೆ ಏರಿತು.

ಆದರೆ ಚೀನೀ ಪೆನ್ನು ಬಂದು ನಮ್ಮ ಪೆನ್ನಿನ ಉದ್ಯಮವನ್ನು ಕೊಂದಿತು ಎಂಬ ಮಾತು ಇದೆಯಲ್ಲ, ಅದು ನಿಜವಲ್ಲ. ಇಂಕ್ ಪೆನ್ನನ್ನು ಕೊಂದದ್ದು ಬಾಲ್ ಪೆನ್ನು. ಅದೂ ಸುಮ್ಮನೆ ಕೊಲ್ಲಲಿಲ್ಲ, ಕಾರಣವಿತ್ತು. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿ ಮಂಡಿಯ ಗುಮಾಸ್ತರು ಈರುಳ್ಳಿ ಮೂಟೆಗೆ ಬಿಲ್ಲು ಬರೆಯುವುದನ್ನು ನೋಡಿ. ಒಂದು ಹಾಳೆಯ ಕೆಳಗೆ ಕಾರ್ಬನ್, ಅದರ ಕೆಳಗೆ ಇನ್ನೊಂದು ಹಾಳೆ, ಮತ್ತೆ ಕಾರ್ಬನ್, ಮತ್ತೊಂದು ಹಾಳೆ. ರೈತರಿಗೊಂದು, ಮಂಡಿಗೊಂದು, ಲಾರಿಯವರಿಗೊಂದು. ಕೆಳಗಿನ ಹಾಳೆಗೂ ಅಕ್ಷರ ಮೂಡಬೇಕೆಂದರೆ ಗಟ್ಟಿಯಾಗಿ ಒತ್ತಬೇಕು. ಒತ್ತಿದರೆ ಇಂಕ್ ಪೆನ್ನಿನ ನಿಬ್ಬು ಬಾಯಿ ತೆರೆದು ಹಾಳಾಗುತ್ತದೆ. ಧೂಳು, ಬೆವರು, ನಿಂತು ಬರೆಯುವ ಅವಸರ, ಗೋಣಿಚೀಲವೇ ಮೇಜು. ಅಲ್ಲಿ ಎರಡು ರೂಪಾಯಿಯ ಬಾಲ್ ಪೆನ್ನು ಗೆದ್ದದ್ದು ನ್ಯಾಯವಾಗಿಯೇ ಗೆದ್ದಿತು. ಬ್ಯಾಂಕಿನ ಚಲನ್ನು, ರೈಲಿನ ಕಾಯ್ದಿರಿಸುವ ಅರ್ಜಿ, ಕೋರ್ಟಿನ ನಕಲು, ಎಲ್ಲ ಕಡೆಯೂ ಇದೇ ಆಯಿತು. 2001ರ ಏಪ್ರಿಲ್ 1ರಂದು ಉಳಿದ 715 ವಸ್ತುಗಳ ಮೇಲಿನ ಆಮದು ಪ್ರಮಾಣದ ನಿರ್ಬಂಧ ತೆಗೆದು ಅಂಗಡಿಗಳಲ್ಲಿ ಚೀನೀ ಸರಕು ತುಂಬಿಕೊಳ್ಳುವ ಹೊತ್ತಿಗೆ ನಮ್ಮ ಇಂಕ್ ಪೆನ್ನು ಆಗಲೇ ಶಾಲೆಯ ಮೂಲೆ ಸೇರಿಯಾಗಿತ್ತು. ಸುಲೇಖಾ ಬಾಗಿಲು ಹಾಕಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಜಿನ್‌ಹಾವ್ ಹೆಸರು ಇಲ್ಲಿ ಯಾರೂ ಕೇಳದಿದ್ದಾಗ.

ಹಾಗಂತ ಇಂದಿನ ಭಾರತೀಯ ಪೆನ್ನು ಸತ್ತಿಲ್ಲ. ತಮಿಳುನಾಡಿನ ರಂಗಾ, ಚೆನ್ನೈನ ಎಎಸ್ಎ, ಮುಂಬೈನ ಏರ್‌ಮೇಲ್, ನೊಯ್ಡಾದ ಕ್ಯಾನ್‌ರೈಟ್, ರಾಜಮಂಡ್ರಿಯ ರತ್ನಂ ಇವತ್ತಿಗೂ ಪೆನ್ನು ಮಾಡುತ್ತಿದ್ದಾರೆ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕಡ್ಡಿಯನ್ನು ಲೇತಿಗೆ ಹಾಕಿ ಕೈಯಲ್ಲಿ ಕಡೆದು ಮಾಡುವ ಪೆನ್ನುಗಳನ್ನು ಹೊರದೇಶದವರು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಸುಲೇಖಾ ಮತ್ತೆ ಬಾಗಿಲು ತೆರೆದಿದೆ. ನಮ್ಮ ಬೆಂಗಳೂರಿನಲ್ಲಿ 2002ರಲ್ಲಿ ಶುರುವಾದ ವಿಲಿಯಂ ಪೆನ್ ಕಂಪನಿ 2022ರಲ್ಲಿ ಅಮೆರಿಕದ ಶೇಫರ್ ಎಂಬ ನೂರು ವರ್ಷದ ಪೆನ್ನಿನ ಹೆಸರನ್ನೇ ಕೊಂಡುಕೊಂಡಿತು. ಅಷ್ಟರಲ್ಲಿ ಶೇಫರನ್ನು ಮಾರಿದ ಕ್ರಾಸ್ ಕಂಪನಿ ತನ್ನ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿ ಎಷ್ಟೋ ವರ್ಷಗಳಾಗಿದ್ದವು. ಅಮೆರಿಕದ ಹೆಸರು, ಚೀನಾದ ಕೈ, ಬೆಂಗಳೂರಿನ ಒಡೆತನ. 'ಚೈನಾ ಮಾಲು' ಎಂದು ಮುಖ ಸಿಂಡರಿಸುವಾಗ ನಮ್ಮ ಜೇಬಿನಲ್ಲಿರುವ ದುಬಾರಿ ಪೆನ್ನು ಎಲ್ಲಿಯದು ಎಂದು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಚೀನಾಕ್ಕೂ ತನ್ನ ಪೆನ್ನಿನ ಬಗ್ಗೆ ಕೊರಗಿತ್ತು. ವರ್ಷಕ್ಕೆ ಕೋಟ್ಯಂತರ ಬಾಲ್ ಪೆನ್ನು ಮಾಡಿದರೂ ಅದರ ತುದಿಯ ಉಕ್ಕನ್ನು ಹೊರಗಿಂದ ತರಿಸಬೇಕಲ್ಲ ಎಂದು ಅಲ್ಲಿನ ಪ್ರಧಾನಿ ಲಿ ಕೆಚಿಯಾಂಗ್ 2016ರಲ್ಲಿ ಬಹಿರಂಗವಾಗಿಯೇ ನೊಂದುಕೊಂಡರು. ಮರುವರ್ಷ ತೈಯುವಾನಿನ ಉಕ್ಕಿನ ಕಾರ್ಖಾನೆ ಆ ಉಕ್ಕನ್ನು ತಾನೇ ಮಾಡಿದೆನೆಂದು ಘೋಷಿಸಿತು. ಅಗ್ಗದ ವಸ್ತುವಿನ ತುದಿಯ ಬಗ್ಗೆ ಒಂದು ದೇಶದ ಪ್ರಧಾನಿ ತಲೆ ಕೆಡಿಸಿಕೊಂಡದ್ದು ನನಗೆ ಮೆಚ್ಚಿಕೆಯಾದ ಸಂಗತಿ.

ಈಗ 'ಬಹುಪಾಲು' ಎಂಬ ಮಾತಿಗೆ. ಹತ್ತು ಪೆನ್ನು ಕೊಂಡರೆ ಎಂಟು ಚೆನ್ನಾಗಿರಬಹುದು. ಉಳಿದೆರಡು ನಿಮಗೆ ಬಂದರೆ ಏನು ಗತಿ? ನಿಬ್ಬಿನ ಎರಡು ಹಲ್ಲು ಸಮವಾಗಿ ಕೂತಿರುವುದಿಲ್ಲ, ಅಥವಾ ತುದಿಯನ್ನು ಅತಿಯಾಗಿ ಉಜ್ಜಿ ಇಂಕು ಕಾಗದಕ್ಕೆ ತಾಗದಂತಾಗಿರುತ್ತದೆ, ಅಥವಾ ಮುಚ್ಚಳದ ಒಳಗಿನ ಬಿಗಿ ಸಾಲದೆ ರಾತ್ರಿ ಇಟ್ಟ ಪೆನ್ನು ಬೆಳಿಗ್ಗೆ ಒಣಗಿರುತ್ತದೆ. ಬೆಂಗಳೂರಿನ ಮಾರ್ಚಿ ತಿಂಗಳ ಒಣ ಗಾಳಿಗೆ ಇದು ಇನ್ನೂ ಬೇಗ. ನನ್ನ ಮೇಜಿನ ಮೇಲಿನ ಒಂದು ಪಾರದರ್ಶಕ ಪೆನ್ನಿಗೆ ಕೆಳಗೆ ಬೀಳದೆಯೇ ಕತ್ತಿನ ಬಳಿ ಸೀಳು ಬಂತು. ಅದಕ್ಕೆ ಬೇರೆ ಮೈ ಎಲ್ಲೂ ಸಿಗಲಿಲ್ಲ, ಕೇಳಲು ಯಾರ ವಿಳಾಸವೂ ಇರಲಿಲ್ಲ. ಈ ಪೆನ್ನುಗಳ ನಿಜವಾದ ಕೊರತೆ ಇದೇ ಎಂದು ನನ್ನ ಅಭಿಪ್ರಾಯ. ಅವುಗಳ ಹಿಂದೆ ನಿಲ್ಲುವವರಿಲ್ಲ. ರಂಗಾದವರಿಗೋ ಎಎಸ್ಎಯವರಿಗೋ ಬರೆದರೆ ಮನುಷ್ಯರೊಬ್ಬರು ಉತ್ತರಿಸುತ್ತಾರೆ, ನಾಲಗೆ ಬದಲಿಸಿ ಕೊಡುತ್ತಾರೆ. ಅಗ್ಗದ ಚೀನೀ ಪೆನ್ನು ಕೈಕೊಟ್ಟ ದಿನ ನೀವೇ ರಿಪೇರಿಯವರಾಗಬೇಕು. ಇಂಕಿನ ಚಿಕ್ಕ ಕಾರ್ಟ್ರಿಜ್ ಕೊಳ್ಳುವಾಗಲೂ ಎಚ್ಚರ ಬೇಕು: ಚೀನಾದಲ್ಲಿ ಅದರ ಬಾಯಿ 2.6 ಮಿಲಿಮೀಟರಿನದೂ ಇದೆ, 3.4 ಮಿಲಿಮೀಟರಿನದೂ ಇದೆ, ಒಂದರದ್ದು ಇನ್ನೊಂದಕ್ಕೆ ಕೂರದು.

ಆದರೆ ಇದೇ ಕೊರತೆ ಕೆಲವರಿಗೆ ಪಾಠಶಾಲೆಯಾಗಿದೆ. ಮುಕ್ಕಾಲು ಲಕ್ಷದ ಪೆನ್ನಿನ ನಿಬ್ಬನ್ನು ಕಿತ್ತು ನೋಡುವ ಧೈರ್ಯ ಯಾರಿಗಿದೆ? ಇನ್ನೂರರ ಪೆನ್ನನ್ನು ಹುಡುಗರು ಬಿಚ್ಚುತ್ತಾರೆ, ಉಗುರುಬೆಚ್ಚಗಿನ ನೀರಿನಲ್ಲಿ ನಾಲಗೆ ತೊಳೆಯುತ್ತಾರೆ, ತೆಳು ಹಿತ್ತಾಳೆ ತಗಡಿನಿಂದ ಸೀಳು ಬಿಡಿಸುತ್ತಾರೆ, ಭೂತಗನ್ನಡಿಯಲ್ಲಿ ಹಲ್ಲುಗಳನ್ನು ನೋಡಿ ಉಗುರಿನಿಂದ ಸರಿಮಾಡುತ್ತಾರೆ. ಇಂಕು ಹರಿಯುವುದು ಏಕೆ, ನಿಲ್ಲುವುದು ಏಕೆ ಎಂದು ಕೈಯಿಂದ ತಿಳಿಯುತ್ತದೆ. ಮಂಗಳೂರಿನಿಂದ ಘಾಟಿ ಹತ್ತಿ ಸುಮಾರು 900 ಮೀಟರು ಎತ್ತರದ ಬೆಂಗಳೂರಿಗೆ ಬರುವಷ್ಟರಲ್ಲಿ ಅರ್ಧ ಖಾಲಿ ಪೆನ್ನು ಮುಚ್ಚಳದೊಳಗೆ ಇಂಕು ಕಾರಿಕೊಂಡಿರುವುದೇಕೆ ಎಂಬುದಕ್ಕೂ ಉತ್ತರ ಅಲ್ಲೇ ಇದೆ: ಹೊರಗೆ ಗಾಳಿಯ ಒತ್ತಡ ಕಡಿಮೆಯಾದಂತೆ ಪೆನ್ನಿನೊಳಗಿನ ಗಾಳಿ ಹಿಗ್ಗಿ ಇಂಕನ್ನು ದೂಡುತ್ತದೆ. ಕೈಯಾರೆ ಬಿಚ್ಚಿ ಜೋಡಿಸಿದ ವಸ್ತುವಿನ ಮೇಲೆ ಹುಟ್ಟುವ ಪ್ರೀತಿ ಬೇರೆಯದೇ. ಹೀಗೆ ಇನ್ನೂರರ ಪೆನ್ನಿನಿಂದ ಶುರುಮಾಡಿ ಮುಂದೆ ರತ್ನಂ, ರಂಗಾ ಪೆನ್ನುಗಳತ್ತ ಬಂದವರು ನನಗೆ ಗೊತ್ತು. ಚೀನೀ ಪೆನ್ನು ಅವರನ್ನು ಭಾರತೀಯ ಪೆನ್ನಿನಿಂದ ದೂರ ಮಾಡಲಿಲ್ಲ, ಅದರ ಬಾಗಿಲಿಗೆ ತಂದು ಬಿಟ್ಟಿತು.

ಪರಿಸರದ ವಾದವನ್ನು ಹೆಚ್ಚು ಎಳೆಯುವುದಿಲ್ಲ. 60 ಮಿಲಿಲೀಟರಿನ ಒಂದು ಬಾಟಲಿ ಇಂಕಿನಿಂದ ಪೆನ್ನಿನೊಳಗೆ ಇಂಕು ಎಳೆದಿಟ್ಟುಕೊಳ್ಳುವ ಸಾಮಾನ್ಯ ಕನ್ವರ್ಟರನ್ನು ಎಪ್ಪತ್ತಕ್ಕೂ ಹೆಚ್ಚು ಸಲ ತುಂಬಬಹುದು, ಅಷ್ಟು ಬರಹಕ್ಕೆ ಎಷ್ಟು ಬಾಲ್ ಪೆನ್ನು ಕಸದ ಬುಟ್ಟಿ ಸೇರುತ್ತಿತ್ತೆಂದು ಯೋಚಿಸಿದರೆ ಲಾಭ ಸ್ಪಷ್ಟ. ಅಗ್ಗವೆಂದು ಹನ್ನೆರಡು ಬಣ್ಣದ ಹನ್ನೆರಡು ಪೆನ್ನು ಕೊಂಡು ಎರಡರಲ್ಲಿ ಮಾತ್ರ ಬರೆಯುವವರಿಗೆ ಈ ವಾದ ಹೇಳುವ ಹಕ್ಕಿಲ್ಲ.

ಹಾಗಾದರೆ ಆ ತಾಯಿ ಅಂಗಡಿಯಲ್ಲಿ ಯಾವುದನ್ನು ಕೊಳ್ಳಬೇಕು? ನನ್ನನ್ನು ಕೇಳಿದರೆ, ಮೊದಲ ಸಲ ಇಂಕ್ ಪೆನ್ನು ಹಿಡಿಯುವ ಐದನೇ ಕ್ಲಾಸಿನ ಮಗುವಿಗೆ ಕ್ಯಾಮ್ಲಿನ್ನೇ ಸಾಕು. ಆ ವಯಸ್ಸಿನಲ್ಲಿ ಪೆನ್ನು ವಾರಕ್ಕೊಂದು ಕಳೆಯುತ್ತದೆ. ಹತ್ತಿರದ ಅಂಗಡಿಯಲ್ಲಿ ಅಂಥದೇ ಇನ್ನೊಂದು ಸಿಗಬೇಕು. ಹೈಸ್ಕೂಲು ದಾಟಿ ದಿನವೂ ಕನ್ನಡದಲ್ಲಿ ಪುಟಗಟ್ಟಲೆ ಬರೆಯುವವರಿಗೆ ಹಗುರ ಮೈಯ, ಸಣ್ಣ ನಿಬ್ಬಿನ ಚೀನೀ ಪೆನ್ನು ಇವತ್ತಿನ ಮಟ್ಟಿಗೆ ಒಳ್ಳೆಯ ಆಯ್ಕೆ. ಯಾರದೋ ಲಾಂಛನವನ್ನು ಹೋಲುವ ಗುರುತು ಇರುವುದನ್ನು ಮಾತ್ರ ಬಿಡಿ. ಬಹುಕಾಲ ಇಟ್ಟುಕೊಳ್ಳುವ, ಮಗಳಿಗೆ ಕೊಡುವ ಪೆನ್ನು ಬೇಕೆಂದರೆ ತುಸು ಕಾದು, ದುಡ್ಡು ಕೂಡಿಸಿ, ಹೆಸರು ವಿಳಾಸ ಇರುವ ನಮ್ಮ ತಯಾರಕರ ಬಳಿಗೇ ಹೋಗಿ. ಸೈನಿಕರ ಮನೆಯವರು ಬೇಡ ಎಂದರೆ ಅದೂ ಪೂರ್ಣ ಉತ್ತರವೇ.

ನಮ್ಮ ತಯಾರಕರಿಗೂ ಒಂದು ಮಾತು. ಕೈಯಲ್ಲಿ ಕಡೆದ ಎಬೊನೈಟ್ ಪೆನ್ನುಗಳಿಗೆ ನೀವು ಕೂರಿಸುವುದು ಅನೇಕ ಸಲ ಜರ್ಮನಿಯ ಯೋವೊ ಅಥವಾ ಬಾಕ್ ಕಂಪನಿಯ ನಿಬ್ಬು, ಚೆನ್ನಾಗಿಯೇ ಬರೆಯುತ್ತದೆ, ಆದರೆ ನಮ್ಮ 'ಷ್ಟ್ರ'ಕ್ಕೆ ದಪ್ಪ. ಕ್ಯಾನ್‌ರೈಟಿನಂಥವರು ನಿಬ್ಬನ್ನು ಇಲ್ಲೇ ಮಾಡುತ್ತಾರೆ, ಅಂದಮೇಲೆ ಆ ವಿದ್ಯೆ ನಮ್ಮಲ್ಲಿದೆ. ಕನ್ನಡ, ತೆಲುಗು, ಮಲಯಾಳ, ಸಿಂಹಳ ಎಲ್ಲವೂ ದುಂಡಗಿನ ಲಿಪಿಗಳೇ, ಬರೆಯುವವರು ಕೋಟ್ಯಂತರ. ಎಲ್ಲ ದಿಕ್ಕಿಗೂ ಹೊರಳುವ, ಒತ್ತಿನೊಳಗೆ ಒತ್ತು ಹಿಡಿಸುವ, ತೆಳು ಕಾಗದದಲ್ಲೂ ಹರಡದ 0.4 ಮಿಲಿಮೀಟರಿನ ಒಂದು ನಿಬ್ಬು, ಹಗುರವಾದ ಒಂದು ಮೈ, ಬಿಗಿಯಾದ ಒಂದು ಮುಚ್ಚಳ, ಬೆಲೆ 300 ರೂಪಾಯಿಯೊಳಗೆ. ಇಂಥದ್ದು ಆರ್.ಟಿ. ನಗರದ ಅಂಗಡಿಗೆ ಬಂದ ದಿನ ಮೊದಲು ಕೊಳ್ಳುವವನು ನಾನು. ಬರುವವರೆಗೆ ನನ್ನ ಚೀನೀ ಪೆನ್ನಿಗೆ ಕ್ಯಾಮೆಲ್ ಇಂಕು ತುಂಬುತ್ತಿರುತ್ತೇನೆ.